ಹೋಲಿಕೆ ಬೇಡ, ಚೀಟಿ ಕೊಡಿ

ಒಂಬತ್ತು ವರ್ಷ ಒಂದೇ ವಾಕ್ಯ ಬರೆದವನು ನಾನು. ‘ಕೋರಂ ಇಲ್ಲದ ಕಾರಣ ಚುನಾವಣೆಯನ್ನು ಮುಂದೂಡಲಾಗಿದೆ, ಅಲ್ಲಿಯವರೆಗೆ ಹಾಲಿ ಸಮಿತಿಯೇ ಮುಂದುವರಿಯತಕ್ಕದ್ದು.’ ವಿಶಾಖಪಟ್ಟಣದ ನಮ್ಮ ಕನ್ನಡ ಬಳಗದ ನಡಾವಳಿ ಪುಸ್ತಕ ತೆರೆದರೆ ವರ್ಷ ವರ್ಷವೂ ಅದೇ ಸಾಲು, ನನ್ನದೇ ದುಂಡು ಅಕ್ಷರ, ಕೆಳಗೆ ‘ಬಾಲಚಂದ್ರ, ಕಾರ್ಯದರ್ಶಿ’ ಎಂದು ಸಹಿ. ಬ್ಯಾಂಕಿನಲ್ಲಿ ಮೂವತ್ತೈದು ವರ್ಷ ಗುಮಾಸ್ತನಾಗಿದ್ದವನಿಗೆ ಹೋದ ವರ್ಷದ ಸಾಲನ್ನು ಈ ವರ್ಷವೂ ಬರೆಯುವುದು ಯಾವ ಮಹಾ ಕಷ್ಟ? ಆ ಸಾಲಿನ ಅರ್ಥವೇನು ಎಂದು ನನ್ನನ್ನು ಮೊದಲು ಕೇಳಿದವರು ಉಮಾದೇವಿ. ಆಗ ನನಗೆ ಸಿಟ್ಟು ಬಂದಿತ್ತು, ಆಮೇಲೆ ನಾಚಿಕೆಯಾಯಿತು. ಆ ನಾಚಿಕೆಯಿಂದಲೇ ಅವರ ಬಗ್ಗೆ ಬರೆಯುತ್ತಿದ್ದೇನೆ.

ಉಮಾದೇವಿ ಹರಿಹರದವರು. ಗಂಡ ಓಂಕಾರಪ್ಪ ನನ್ನ ಹಾಗೆಯೇ ಬ್ಯಾಂಕಿನವರು, ಆದರೆ ಆಫೀಸರು. ಮದುವೆಯಾದ ಮೇಲೆ ಬಳ್ಳಾರಿ, ನಾಂದೇಡ್, ಬರಂಪುರ ಎಂದು ಮೂರು ವರ್ಷಕ್ಕೊಮ್ಮೆ ಪಾತ್ರೆ ಪಗಡ ಕಟ್ಟಿಕೊಂಡು ತಿರುಗಿದ ಸಂಸಾರ. ಹೋದ ಊರಿನಲ್ಲೆಲ್ಲ ಚುನಾವಣೆ ಬಂದಾಗ ಈ ಹೆಂಗಸು ಬೆಳಿಗ್ಗೆಯೇ ಸ್ನಾನ ಮಾಡಿ ಮತಗಟ್ಟೆಯ ಸಾಲಿನಲ್ಲಿ ನಿಂತವರೇ. ಎಲ್ಲ ಕಡೆಯೂ ಸಿಕ್ಕಿದ ಉತ್ತರ ಒಂದೇ: ಪಟ್ಟಿಯಲ್ಲಿ ಹೆಸರಿಲ್ಲ. ಹಳೇ ಊರಿನ ಪಟ್ಟಿಯಲ್ಲಿದೆ, ಅಲ್ಲಿಗೆ ಹೋಗಿ ಹಾಕಿ. ವಿಶಾಖಪಟ್ಟಣದ ಗಾಜುವಾಕಕ್ಕೆ ಬಂದು ನೆಲೆ ನಿಂತ ಮೇಲೆ, ಮೂವತ್ತಾರನೆಯ ವಯಸ್ಸಿನಲ್ಲಿ, ಜೀವನದಲ್ಲಿ ಮೊದಲ ಸಲ ಅವರ ಬೆರಳಿಗೆ ಶಾಯಿ ಬಿತ್ತು. ಅವತ್ತು ಓಂಕಾರಪ್ಪ ಮನೆಯಲ್ಲೇ ಮಲಗಿದ್ದರಂತೆ, ರಜ ಇತ್ತಲ್ಲ ಎಂದು.

ಗಾಜುವಾಕದಲ್ಲಿ ಅವರು ಒಂದು ಖಾಸಗಿ ಶಾಲೆಯಲ್ಲಿ ಸಮಾಜ ಪಾಠ ಹೇಳುತ್ತಾರೆ. ಉಕ್ಕಿನ ಕಾರ್ಖಾನೆಯ, ಬಂದರಿನ, ಅಂಗಡಿಗಳ ಮಕ್ಕಳು. ಒಂದು ದಿನ ಒಂಬತ್ತನೇ ತರಗತಿಯಲ್ಲಿ ಕೇಳಿದರಂತೆ: ಪ್ರಜಾಪ್ರಭುತ್ವ ಯಾವುದರ ಹಾಗೆ ಬೆಳೆಯುತ್ತದೆ, ಒಬ್ಬೊಬ್ಬರೂ ಒಂದೊಂದು ಹೋಲಿಕೆ ಹೇಳಿ. ಮಾವಿನ ಸಸಿ ಅಂದವರು ಅರ್ಧ ಕ್ಲಾಸು. ಒಂದೊಂದೇ ಮಹಡಿ ಏರಿಸುವ ಮನೆ ಅಂದವರು ಕೆಲವರು. ಅನಕಾಪಲ್ಲಿಯಿಂದ ಬಸ್ಸಿನಲ್ಲಿ ಬರುವ ಸಾಯಿಪ್ರಿಯಾ ಎಂಬ ಹುಡುಗಿ ಮಾತ್ರ, ಅದು ಬೆಲ್ಲದ ಹಾಗೆ ಎಂದಳು. ಬೆಲ್ಲ ತಾನಾಗಿ ಬೆಳೆಯುವುದಿಲ್ಲ ಮೇಡಂ, ಅದನ್ನು ಮಾಡಬೇಕು; ಕೈ ಬಿಟ್ಟರೆ ತಳ ಹತ್ತುತ್ತದೆ, ನಮ್ಮ ಮಾವನ ಕೊಪ್ಪರಿಗೆಯಲ್ಲಿ ನೋಡಿದ್ದೇನೆ ಎಂದಳಂತೆ. ಉಮಾದೇವಿ ಆ ಮಾತನ್ನು ಎರಡು ವಾರ ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದರು. ನನಗೇ ಮೂರು ಸಲ ಹೇಳಿದ್ದಾರೆ.

ಗಲಾಟೆ ಶುರುವಾದದ್ದು ಬಹಳ ಸಣ್ಣ ವಿಷಯಕ್ಕೆ. ಇಲ್ಲಿ ಹುಟ್ಟಿದ ನಮ್ಮ ಮಕ್ಕಳಿಗೆ ಕನ್ನಡ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಭಾನುವಾರ ಎರಡು ಗಂಟೆ ಬಳಗದ ಹಾಲ್ ಕೊಟ್ಟರೆ ಅಕ್ಷರ ಕಲಿಸುತ್ತೇನೆ ಎಂದು ಉಮಾದೇವಿ ಅರ್ಜಿ ಕೊಟ್ಟರು. ನಮ್ಮ ಅಧ್ಯಕ್ಷರು ಶ್ರೀವತ್ಸ ರಾವ್. ಉಡುಪಿ ಕಡೆಯವರು, ಹಡಗು ಸಾಗಣೆಯ ಕಂಪನಿಯೊಂದರಲ್ಲಿ ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತರಾದವರು, ಬಿಳಿ ಶರ್ಟಿಗೆ ಒಂದು ಸುಕ್ಕು ಬೀಳಗೊಡದವರು. ಅವರನ್ನು ಕೆಟ್ಟವರು ಎಂದರೆ ನನ್ನ ನಾಲಿಗೆ ಬಿದ್ದುಹೋಗುತ್ತದೆ. ಆ ಹಾಲ್ ಆದದ್ದೇ ಅವರ ಓಡಾಟದಿಂದ. ದೊಡ್ಡ ಚಂಡಮಾರುತ ಬಂದಾಗ ಬಾಗಿಲು ತೆರೆದು ಆರು ದಿನ ಊರಿನವರಿಗೆಲ್ಲ ಅನ್ನ ಹಾಕಿಸಿದವರು ಅವರೇ. ಅವರು ಅರ್ಜಿ ಓದಿ, "ಇದನ್ನು ಮುಂದಿನ ಸರ್ವಸದಸ್ಯರ ಸಭೆ ತೀರ್ಮಾನ ಮಾಡ್ಬೇಕು, ನಾನು ಒಬ್ಬನೇ ಮಾಡ್ಲಿಕ್ಕೆ ಆಗುದಿಲ್ಲ" ಎಂದರು.

"ಮುಂದಿನ ಸಭೆ ಯಾವಾಗ ಸರ್?" ಎಂದರು ಉಮಾದೇವಿ.

"ಕೋರಂ ಆದಾಗ."

"ಒಂಬತ್ತು ವರ್ಷದಿಂದ ಯಾಕೆ ಆಗಿಲ್ಲ?"

ಶ್ರೀವತ್ಸ ರಾವ್ ನಕ್ಕರು. ಅವರು ನಕ್ಕಾಗಲೆಲ್ಲ ಒಂದು ಹೋಲಿಕೆ ಬರುತ್ತದೆ ಎಂದು ನನಗೆ ಗೊತ್ತಿತ್ತು. "ನೋಡಿ, ಈ ಬಳಗ ಅಂದ್ರೆ ಒಂದು ಗಿಡ ಉಂಟಲ್ಲ, ಹಾಗೆ. ಪರ ಊರಿನ ಮಣ್ಣು. ಬೇರು ಇಳಿಯುವ ತನಕ ಅಲ್ಲಾಡಿಸ್ಬಾರ್ದು."

"ಇಪ್ಪತ್ತಾರು ವರ್ಷ ಆತಲ್ರಿ ನೆಟ್ಟು. ನನ್ನ ಮಗಳಿಗೂ ಈಗ ಇಪ್ಪತ್ತಾರು. ವಿಜಯವಾಡದಾಗೆ ಒಬ್ಬಳೇ ಅದಾಳೆ. ಅವಳಿಗೆ ಇನ್ನೂ ಬೇರು ಇಳಿದಿಲ್ಲ ಅಂದ್ರೆ ನನ್ನನ್ನ ಮನೆ ಒಳಗೇ ಬಿಟ್ಕೊಳ್ಳಲ್ಲ ಅವಳು."

"ಆಯ್ತು, ಗಿಡ ಬೇಡ. ಇದೊಂದು ಕುಟುಂಬ ಅಂತ ಇಟ್ಕೊಳ್ಳಿ. ಮನೆಯೊಳಗೆ ಯಾರಾದ್ರೂ ಚುನಾವಣೆ ಮಾಡ್ತಾರಾ?"

"ಮನೆಯಾಗೆ ಅಪ್ಪನ್ನ ಆರಿಸಾಕೆ ಬರಲ್ಲ. ಅದಕ್ಕೇ ನೀವು ಕುಟುಂಬ ಅಂತೀರಿ."

ಸಮಿತಿಯ ನಾಲ್ಕು ಜನ ಕೆಮ್ಮಿದರು. ನಾನು ಪೆನ್ನಿನ ಕ್ಯಾಪ್ ಹಾಕಿ ತೆಗೆದು ಮಾಡುತ್ತಿದ್ದೆ. ಶ್ರೀವತ್ಸ ರಾಯರ ಮುಖ ಸ್ವಲ್ಪ ಬಿಗಿಯಾಯಿತು. "ಅಮ್ಮಾ, ನಾನು ಇಡೀ ಆಯುಷ್ಯ ಹಡಗು ನೋಡಿದವ. ನಡುಗಡಲಲ್ಲಿ ಕ್ಯಾಪ್ಟನನ್ನು ಬದಲಿಸುದಿಲ್ಲ."

"ನಡುಗಡಲಿನಾಗೆ ಬ್ಯಾಡ್ರಿ. ಬಂದರಿಗೆ ಬಂದಾಗ? ಎಂಥಾ ದೊಡ್ಡ ಕ್ಯಾಪ್ಟನ್ ಆಗ್ಲಿ, ಇಲ್ಲಿಯ ದಾರಿ ಬಲ್ಲ ಪೈಲಟ್ ಹಡಗು ಹತ್ತಿ ಹೇಳ್ದಂಗೆ ಕೇಳಿಯೇ ಒಳಗೆ ಬರಬೇಕು. ನನ್ನ ಕ್ಲಾಸಿನಾಗೆ ಪೈಲಟ್ ಬೋಟ್ ನಡೆಸೋರ ಮಗ ಅದಾನೆ ಸರ್, ಅವನೇ ಹೇಳ್ಯಾನೆ. ಒಂಬತ್ತು ವರ್ಷ ದಡ ಕಾಣದೇ ಇರೋ ಹಡಗು ಯಾವುದ್ರಿ?"

ಹಡಗಿನ ಮನುಷ್ಯನಿಗೆ ಹಡಗಿನಲ್ಲೇ ಹೊಡೆದರು. ಶ್ರೀವತ್ಸ ರಾವ್ ಎದ್ದು, ನಿಯಮ ನಿಯಮವೇ, ಪಟ್ಟಿಯಲ್ಲಿರುವ ಅರ್ಧ ಜನ ಬಂದು ಕೂತ ದಿನ ಚುನಾವಣೆ ಮಾಡಿಸುತ್ತೇನೆ ಎಂದು ಹೇಳಿ ಒಳಗೆ ಹೋದರು.

ಉಮಾದೇವಿ ಹೋಗಲಿಲ್ಲ. ಸದಸ್ಯರ ಪುಸ್ತಕ ಕೊಡಿ ಎಂದು ನನ್ನ ಮುಂದೆ ಕೂತರು. ಕೊಟ್ಟೆ. ನೂರ ಹದಿನೆಂಟು ಹೆಸರು. ಅವರು ಪೆನ್ಸಿಲಿನಿಂದ ಒಂದೊಂದೇ ಹೆಸರಿನ ಮುಂದೆ ಸಣ್ಣ ಗೆರೆ ಎಳೆಯುತ್ತ ಬಂದರು. ಇವರು ರಾಯಪುರ. ಇವರು ಹುಬ್ಬಳ್ಳಿ. ಇವರು ವಿಜಯವಾಡ. ಮುಗಿದಾಗ ಅರವತ್ತಾರು ಗೆರೆ. "ಊರಾಗೆ ಇರೋರು ಐವತ್ತೆರಡು. ಕೋರಂಗೆ ಬೇಕಾಗಿರೋದು ಐವತ್ತೊಂಬತ್ತು. ಎಲ್ಲರೂ ಬಂದರೂ ಆಗಲ್ಲ. ನಿಮಗೆ ಗೊತ್ತಿತ್ತಾ ಸರ್?" ಎಂದರು.

ನನಗೆ ಗೊತ್ತಿರಲಿಲ್ಲ. ಗೊತ್ತಿರಬೇಕಾದವನು ನಾನೊಬ್ಬನೇ ಆಗಿದ್ದೆ.

ತಪ್ಪು ಎಲ್ಲಿಂದ ಬಂತು ಎಂಬುದನ್ನು ಹೇಳಿಬಿಡುತ್ತೇನೆ. ನಾವೆಲ್ಲ ವರ್ಗಾವಣೆಯ ಜನ. ಯಾರಿಗೆ ವರ್ಗವಾದರೂ ಬಳಗದಲ್ಲಿ ಬೀಳ್ಕೊಡುಗೆ ಮಾಡುತ್ತೇವೆ: ಶಾಲು, ಹಾರ, ಬಿಸಿಬೇಳೆಬಾತು. ಕೊನೆಗೆ ಕಾರ್ಯದರ್ಶಿ ಸದಸ್ಯರ ಪುಸ್ತಕ ತೆರೆದು ಅವರ ಹೆಸರು ತೋರಿಸಿ, "ನೀವು ಊರು ಬಿಡಬಹುದು, ನಮ್ಮ ಪುಸ್ತಕ ಬಿಡುವ ಹಾಗಿಲ್ಲ" ಎನ್ನಬೇಕು. ಈ ಸಂಪ್ರದಾಯ ಹುಟ್ಟಿಸಿದವನೇ ನಾನು. ಹೆಂಗಸರು ಕಣ್ಣೊರೆಸಿಕೊಳ್ಳುತ್ತಿದ್ದರು, ನನಗೆ ಚಪ್ಪಾಳೆ ಬೀಳುತ್ತಿತ್ತು. ಒಂದು ಹೆಸರನ್ನೂ ಹೊಡೆದು ಹಾಕಲಿಲ್ಲ. ಪ್ರೀತಿಯಿಂದ ಉಳಿಸಿಕೊಂಡ ಆ ಅರವತ್ತಾರು ಹೆಸರುಗಳು ಇಲ್ಲೇ ಇರುವ ಐವತ್ತೆರಡು ಜನರ ಬಾಯಿ ಮುಚ್ಚಿದ್ದವು.

ಹೆಸರು ತೆಗೆಯಬೇಕಾದರೆ ಸದಸ್ಯರೇ ಕಾಗದ ಬರೆದು ಸಹಿ ಮಾಡಬೇಕು ಎಂದು ನಿಯಮ. ಸಭೆ ಕರೆದರೆ ನಲವತ್ತಮೂರು ಜನವಾದರೂ ಬರುತ್ತಾರೆ ಎಂದು ಉಮಾದೇವಿ ಅಂದಾಜು ಮಾಡಿದರು. ನಲವತ್ತಮೂರು ಅರ್ಧವಾಗಬೇಕಾದರೆ ಪಟ್ಟಿ ಎಂಬತ್ತಾರಕ್ಕೆ ಇಳಿಯಬೇಕು. ಅಂದರೆ ಮೂವತ್ತೆರಡು ಕಾಗದ. ಫೋನಿನಲ್ಲಿ ಫೋಟೊ ಕಳಿಸಿದರೆ ಸಾಲದು, ಮೂಲ ಸಹಿ ಬೇಕು ಎಂದರು ಅಧ್ಯಕ್ಷರು. ಸರಿ, ಮೂಲವೇ ತರಿಸುತ್ತೇನೆ ಎಂದರು ಈಕೆ. ಎರಡು ತಿಂಗಳು ಶಾಲೆ ಮುಗಿಸಿ ಮನೆಗೆ ಬಂದು ಒಬ್ಬೊಬ್ಬರಿಗೂ ಫೋನು. ಕೆಲವರು ಬೈದರು, ನಮ್ಮನ್ನು ಹೊರಗೆ ಹಾಕುತ್ತೀರಾ ಎಂದು. ಒಬ್ಬರು ಫೋನಿನಲ್ಲೇ ಅತ್ತರು. ಓಂಕಾರಪ್ಪ ಮಾತ್ರ ಸೋಫಾದಲ್ಲಿ ಕೂತು, "ನಿನಗೆ ಯಾಕೆ ಬೇಕಿತ್ತು ಇದು? ನಾವು ನೌಕರಿ ಮಾಡಾಕೆ ಬಂದೋರು" ಎನ್ನುತ್ತಿದ್ದರು. ಆಕೆ ಫೋನಿಗೆ ಕೈ ಅಡ್ಡ ಹಿಡಿದು, "ಟಿವಿ ಸಣ್ಣಕ್ಕೆ ಮಾಡ್ರಿ" ಎನ್ನುತ್ತಿದ್ದರು.

ಅಂಚೆಯಲ್ಲಿ ಇಪ್ಪತ್ತೈದು ಕಾಗದ ಬಂದವು. ವರ್ಷಕ್ಕೊಮ್ಮೆ ಕರೆಯುವ ಸಭೆಗೆ ಒಂದು ವಾರ ಉಳಿದಿತ್ತು. ಇನ್ನೂ ಬೇಕಾದ ಏಳು ಹೆಸರು ವಿಜಯವಾಡದಲ್ಲಿದ್ದವು. ನಾನೂ ಬರುತ್ತೇನೆ ಎಂದೆ. ನಾನು ಬರೆದ ಸಾಲಿಗೆ ನಾನೇ ಪ್ರಾಯಶ್ಚಿತ್ತ ಮಾಡಿಕೊಳ್ಳಬೇಕಿತ್ತು. ಇಬ್ಬರೂ ರತ್ನಾಚಲ್ ರೈಲು ಹಿಡಿದು ಹೊರಟೆವು. ವಿಜಯವಾಡದ ಸ್ಟೇಷನ್ನಿಗೆ ಉಮಾದೇವಿಯ ಮಗಳು ತನುಶ್ರೀ ಬಂದಿದ್ದಳು. ಅಲ್ಲಿನ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸ, ಕನ್ನಡಕ್ಕಿಂತ ತೆಲುಗು ಚುರುಕು. "ಎಂದುಕಮ್ಮಾ ಇದೆಲ್ಲ? ಹಾಲ್ ಕೊಡದೆ ಇದ್ರೆ ಮನೇಲೇ ಕ್ಲಾಸ್ ಪೆಟ್ಟುಕೊ" ಎಂದಳು, ಯಾಕಮ್ಮಾ, ಮನೆಯಲ್ಲೇ ಇಟ್ಟುಕೋ ಎಂಬುದನ್ನು ಅರ್ಧ ತೆಲುಗಿನಲ್ಲಿ.

"ಮನೆಯಾಗೆ ಮಾಡಬಹುದು. ಆದ್ರೆ ಆ ಹಾಲ್‌ನಾಗೆ ಬ್ಯಾಡ ಅನ್ನೋರು ಯಾರು, ಅವರನ್ನ ಅಲ್ಲಿ ಕೂಡಿಸಿದೋರು ಯಾರು ಅಂತ ನನಗೆ ಗೊತ್ತಾಗಬೇಕು" ಎಂದರು ಉಮಾದೇವಿ.

ಐದು ಜನ ಮರುದಿನ ಸಂಜೆಯೊಳಗೆ ಸಹಿ ಹಾಕಿಕೊಟ್ಟರು. ಉಳಿದದ್ದು ಕಮಲಮ್ಮನ ಮನೆಯ ಎರಡು ಹೆಸರು. ಕಮಲಾ ಎಂದು ಪುಸ್ತಕದಲ್ಲಿ ಹೆಸರು, ಮಂಡ್ಯದವರು, ವಯಸ್ಸು ಎಪ್ಪತ್ತು ದಾಟಿದೆ, ಈಗ ವಿಜಯವಾಡದಲ್ಲಿ ತಂಗಿಯ ಜೊತೆ ಇದ್ದಾರೆ. ಬಳಗದ ಕಾರ್ಯಕ್ರಮಗಳಲ್ಲಿ ಹಾಡುತ್ತಿದ್ದ ಅವರ ಗಂಡ ತೀರಿಕೊಂಡು ನಾಲ್ಕು ವರ್ಷವಾಗಿದೆ. ವಿಷಯ ಕೇಳಿದ್ದೇ ಅವರು ತಲೆ ಅಲ್ಲಾಡಿಸಿಬಿಟ್ಟರು.

"ಆಗಕ್ಕಿಲ್ಲ ಕಣವ್ವ. ಆ ಪುಸ್ತಕದಲ್ಲಿ ನಮ್ ಯಜಮಾನ್ರ ಹೆಸರು, ಅದರ ಕೆಳಗೆ ನನ್ ಹೆಸರು. ಬಾಲಚಂದ್ರಪ್ಪನೇ ತೋರಿಸಿದ್ರು, ಪುಸ್ತಕ ಬಿಡಂಗಿಲ್ಲ ಅಂತ."

ನಾನು ನೆಲ ನೋಡಿದೆ. ಉಮಾದೇವಿ ಒತ್ತಾಯ ಮಾಡಲಿಲ್ಲ. ನಾವೇಕೆ ಇದನ್ನೆಲ್ಲ ಮಾಡುತ್ತಿದ್ದೇವೆಂದು ವಿವರಿಸಲು ಹೊರಟು, ಆ ಸಾಯಿಪ್ರಿಯಾ ಹೇಳಿದ ಬೆಲ್ಲದ ಮಾತು ತೆಗೆದರು. ಗಿಡ ಅಂದರೆ ಕಾಯುತ್ತ ಕೂರಬೇಕು, ಬೆಲ್ಲ ಅಂದರೆ ಎಲ್ಲರೂ ಕೈ ಹಾಕಬೇಕು, ಅದಕ್ಕೇ ನನಗೆ ಬೆಲ್ಲ ಸೇರುತ್ತೆ ಎಂದರು. ಕಮಲಮ್ಮ ಜೋರಾಗಿ ನಕ್ಕುಬಿಟ್ಟರು.

"ನಮ್ಮಪ್ಪಂದೇ ಆಲೆಮನೆ ಇತ್ತು ಕಣವ್ವ, ನನಗೇ ಬೆಲ್ಲ ಹೇಳಿಕೊಡ್ತೀಯಾ? ಅಲ್ಲಿ ಪಾಕ ನೋಡೋನು ಒಬ್ಬನೇ. ಇಳಿಸಿ ಅಂದ್ರೆ ಇಳಿಸಬೇಕು, ಇನ್ನೊಬ್ಬ ಬಾಯಿ ಹಾಕಂಗಿಲ್ಲ. ಹತ್ತು ಜನ ಪಾಕ ನೋಡಿದ್ರೆ ಆ ಬೆಲ್ಲ ನಾಯೀನೂ ಮೂಸಲ್ಲ. ನಿಮ್ ಅಧ್ಯಕ್ಷರಿಗೆ ಈ ಹೋಲಿಕೆ ಸಿಕ್ಕಿದ್ರೆ ಎತ್ತಿ ಮುದ್ದಾಡ್ತಿದ್ರು."

ಉಮಾದೇವಿ ಇಷ್ಟು ದಿನ ಹೊತ್ತು ತಿರುಗಿದ ಮಾತು ಒಂದೇ ಏಟಿಗೆ ಬಿದ್ದುಹೋಗಿತ್ತು. ಆಕೆ ಕಾಗದಗಳನ್ನು ಜೋಡಿಸುತ್ತ, ತಮಗೆ ತಾವೇ ಹೇಳಿಕೊಂಡಂತೆ, "ಹಂಗಾರೆ ಬೆಲ್ಲನೂ ಬ್ಯಾಡ. ಗಿಡ ಬ್ಯಾಡ, ಹಡಗು ಬ್ಯಾಡ. ಯಾವುದನ್ನ ತಂದ್ರೂ ಅದರಾಗೆ ಒಬ್ಬ ಯಜಮಾನ ಬಂದು ಕೂತ್ಕೊಂತಾನೆ. ನನಗೆ ಹೋಲಿಕೆ ಬ್ಯಾಡ, ಒಂದು ಚೀಟಿ ಬೇಕು, ಅಷ್ಟೇ. ನನ್ನ ಕೈಯಾಗೆ ಒಂದು, ಅವರ ಕೈಯಾಗೆ ಒಂದು" ಎಂದರು.

ಕಮಲಮ್ಮ ಕೇಳುತ್ತಿದ್ದರು. "ಅಲ್ಲ, ನಮ್ ಯಜಮಾನ್ರ ಹೆಸರನ್ನೂ ಕೋರಂಗೆ ಲೆಕ್ಕ ಹಿಡೀತಾರಾ?" ಎಂದು ನನ್ನನ್ನು ಕೇಳಿದರು.

"ಹೂಂ ಕಮಲಮ್ಮ. ಅವರು ಬಂದಿಲ್ಲ ಅಂತ ವರ್ಷ ವರ್ಷ ಬರೀತಿದೀನಿ."

ಆಕೆಯ ಮುಖ ಕೆಂಪಾಯಿತು. "ಸತ್ತೋರು ಸಭೆಗೆ ಬರ್ಲಿಲ್ಲ ಅಂತ ಬದುಕಿರೋರ್ಗೆ ಓಟಿಲ್ಲವಾ? ಬೇಕಾದಾಗ ಹಾಡು ಹೇಳಕ್ಕೆ ನಮ್ ಯಜಮಾನ್ರನ್ನ ಎಲ್ಲಾ ಕಡೆ ಕರ್ಕೊಂಡು ಹೋಗ್ತಿದ್ರಿ. ಹೋದ ಮೇಲೂ ಅವರನ್ನ ಯಾರ್ದೋ ಕುರ್ಚಿಗೆ ಕಾಲು ಮಾಡ್ಕೊಂಡಿದೀರಾ? ಕೊಡಿ ಇಲ್ಲಿ!" ಕಾಗದ ಕಿತ್ತುಕೊಂಡು ತಮ್ಮದಕ್ಕೆ ಸಹಿ ಮಾಡಿದರು. ಗಂಡನ ಹೆಸರು ತೆಗೆಯುವ ಕಾಗದವನ್ನು ತಾವೇ ಬರೆದು, ಮರಣ ಪತ್ರದ ಪ್ರತಿ ತಂದು ಜೊತೆಗಿಟ್ಟರು. ನಾನು ಕ್ಷಮಿಸಿ ಎಂದೆ, ಅವರು ಪೆನ್ನನ್ನು ನನ್ನ ಕೈಗೆ ವಾಪಸು ಕೊಟ್ಟರು.

ಮೂವತ್ತೆರಡು ಕಾಗದ ಮೇಜಿನ ಮೇಲಿಟ್ಟಾಗ ಶ್ರೀವತ್ಸ ರಾವ್ ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿದರು. ಕೊನೆಗೆ, ಸರಿ, ನಿಯಮ ನಿಯಮವೇ ಎಂದರು. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಸಭೆ. ಅಧ್ಯಕ್ಷ ಸ್ಥಾನಕ್ಕೆ ಇಬ್ಬರು: ಅವರು, ಉಮಾದೇವಿ. ಹನ್ನೊಂದು ಗಂಟೆಯೊಳಗೆ ನಲವತ್ತಮೂರು ಜನ ಸಹಿ ಹಾಕದಿದ್ದರೆ ಸಭೆ ಇಲ್ಲ.

ಹತ್ತೂವರೆಗೆ ಮೂವತ್ತೊಂಬತ್ತು. ಹತ್ತು ಮುಕ್ಕಾಲಿಗೆ ನಲವತ್ತೆರಡು. ಹಾಜರಿ ಪುಸ್ತಕ ನನ್ನ ಮುಂದಿತ್ತು, ಹಳೆಯ ಸಾಲು ಪೆನ್ನಿನ ತುದಿಯಲ್ಲಿ ಕೂತಿತ್ತು. ಉಮಾದೇವಿ ಬಾಗಿಲಲ್ಲಿ ನಿಂತು ರಸ್ತೆ ನೋಡುತ್ತಿದ್ದರು. ಓಂಕಾರಪ್ಪ ಬಂದಿರಲಿಲ್ಲ. ಬೆಳಿಗ್ಗೆಯೇ ಹೇಳಿದ್ದರಂತೆ, ಬ್ಯಾಂಕಿನವನು ನಾನು, ಜಗಳದ ಕಡೆ ಬರಲ್ಲ ಎಂದು. ಕರೆಯಲು ಆಕೆ ಫೋನೂ ಮಾಡಲಿಲ್ಲ. ಮಾಡಿ ಎಂದೆ. "ಬರಬೇಕು ಅನ್ನಿಸಿದ್ರೆ ಬರ್ತಾರೆ ಬಿಡ್ರಿ" ಎಂದರು.

ಹನ್ನೊಂದಕ್ಕೆ ನಾಲ್ಕು ನಿಮಿಷ ಇರುವಾಗ ಆಟೊ ಬಂದು ನಿಂತಿತು. ಓಂಕಾರಪ್ಪ ಬೆವರು ಒರೆಸಿಕೊಳ್ಳುತ್ತ ಒಳಗೆ ಬಂದು, ಯಾರ ಮುಖವನ್ನೂ ನೋಡದೆ ಸಹಿ ಹಾಕಿ, ಕೊನೆಯ ಸಾಲಿನಲ್ಲಿ ಕೂತರು. ನಲವತ್ತಮೂರು. ನಾನು ಕಾರ್ಯದರ್ಶಿಯಾಗಿ ಮೊದಲ ಸಲ ‘ಕೋರಂ ಇದೆ’ ಎಂದು ಬರೆದೆ. ಬರೆದು, ಎರಡು ಸಲ ಓದಿದೆ.

ಚೀಟಿ ಹಂಚಿದೆವು. ಒಬ್ಬೊಬ್ಬರೇ ಪರದೆಯ ಹಿಂದೆ ಹೋಗಿ ಬರೆದು, ಮಡಿಸಿ, ಬೀಗ ಹಾಕಿದ ಡಬ್ಬಿಗೆ ಹಾಕಿದರು. ಇಪ್ಪತ್ತು ವರ್ಷ ಜೊತೆಯಲ್ಲಿ ಊಟ ಮಾಡಿದ ಜನ ಅವತ್ತು ಒಬ್ಬರಿಗೊಬ್ಬರು ಹೊಸಬರಂತೆ ಕಾಣುತ್ತಿದ್ದರು. ನಾನೂ ಹಾಕಿದೆ. ಯಾರಿಗೆ ಎಂದು ಇಲ್ಲಿ ಬರೆಯುವುದಿಲ್ಲ. ಎಣಿಸಿದೆವು, ಮತ್ತೆ ಎಣಿಸಿದೆವು. ಶ್ರೀವತ್ಸ ರಾವ್ ಇಪ್ಪತ್ತೆರಡು, ಉಮಾದೇವಿ ಇಪ್ಪತ್ತೊಂದು.

ಚಪ್ಪಾಳೆ ಸರಿಯಾಗಿ ಬೀಳಲಿಲ್ಲ. ಶ್ರೀವತ್ಸ ರಾವ್ ಎದ್ದು ನಿಂತರು. ಒಂಬತ್ತು ವರ್ಷ ನಿರಾಯಾಸವಾಗಿ ಕೂತಿದ್ದ ಕುರ್ಚಿಯ ಪಕ್ಕದಲ್ಲಿ ಈಗ ಅವರು ಕೈ ಎಲ್ಲಿಡಬೇಕೆಂದು ತಿಳಿಯದೆ ನಿಂತಿದ್ದರು. ಅವರು ನಗಲೂ ಇಲ್ಲ, ಹೋಲಿಕೆ ತೆಗೆಯಲೂ ಇಲ್ಲ. "ಮಕ್ಕಳ ಕನ್ನಡ ತರಗತಿಯ ವಿಷಯ ಬರುವ ತಿಂಗಳ ಎರಡನೇ ಭಾನುವಾರ ಸಭೆಗೆ ತರ್ತೇನೆ" ಎಂದರು. ಅವರ ಬಾಯಿಂದ ಒಂದು ತಾರೀಖು ಬಂದದ್ದನ್ನು ನಾನು ಅದೇ ಮೊದಲು ಕೇಳಿದ್ದು. ಉಮಾದೇವಿ ಎದ್ದು, "ಹಂಗೇ ಮುಂದಿನ ವರ್ಷದ ಚುನಾವಣೆ ತಾರೀಖನ್ನೂ ಬರೆಸಿಬಿಡ್ರಿ ಸರ್, ಎಲ್ಲರೂ ಅದಾರೆ" ಎಂದರು. ಬರೆಸಿದರು. ನಾನೇ ಬರೆದೆ.

ಉಮಾದೇವಿ, ಓಂಕಾರಪ್ಪ, ನಾನು, ಮೂವರೂ ಗಾಜುವಾಕಕ್ಕೆ ಒಂದೇ ಆಟೊದಲ್ಲಿ ವಾಪಸಾದೆವು. ಉರಿ ಬಿಸಿಲು. ಲಾರಿಗಳ ನಡುವೆ ಆಟೊ ನಿಂತು ನಿಂತು ಹೋಗುತ್ತಿತ್ತು. ಆಮೇಲೆ ಓಂಕಾರಪ್ಪ, ಹೊರಗೆ ನೋಡಿಕೊಂಡೇ, "ನಾನು ರಾಯರಿಗೆ ಹಾಕ್ದೆ" ಎಂದರು.

ನನಗೆ ಆಟೊದಿಂದ ಹಾರಿಬಿಡೋಣ ಅನ್ನಿಸಿತು.

"ಸಭೆ ಆಗ್ಲಿ ಅಂತ ಬಂದೆ. ನೀನು ಅಷ್ಟು ಕಷ್ಟಪಟ್ಟಿದ್ದಿ, ನನ್ನೊಬ್ಬನಿಂದ ನಿಲ್ಲಬಾರದು ಅನ್ನಿಸ್ತು. ಆದ್ರೆ ಚೀಟಿ ಕೈಯಾಗೆ ಹಿಡದಾಗ, ಚಂಡಮಾರುತದಾಗೆ ಆ ಮನುಷ್ಯ ಮಾಡಿದ್ದು ನೆನಪಾತು. ನಡೆಸಾಕೆ ಅವರೇ ಸರಿ ಅನ್ನಿಸ್ತು. ಸುಳ್ಳು ಹೇಳಾಕೆ ಬರಲ್ಲ ನನಗೆ."

ಉಮಾದೇವಿಯ ಕಣ್ಣು ತುಂಬಿದ್ದು ನನಗೆ ಕಂಡಿತು. ಸೋತದ್ದಕ್ಕಿಂತ ಇದು ಹೆಚ್ಚು ನೋಯಿಸಿತ್ತು. ಅವರಿಬ್ಬರನ್ನೂ ಬಲ್ಲ ನನಗೆ ಅದನ್ನು ತಿಳಿಯಲು ಯಾರೂ ಹೇಳಬೇಕಾಗಿರಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು ನೆಟ್ಟಗೆ ಕೂತರು.

"ಕೆಟ್ಟ ಸಿಟ್ಟು ಬಂದೈತಿ ನಿಮ್ಮ ಮ್ಯಾಲೆ. ಇವತ್ತು ಸಂಜಿತನಕ ಮಾತಾಡ್ಸಬ್ಯಾಡ್ರಿ" ಎಂದರು. "ಆದ್ರೆ ಯಾರಿಗೆ ಹಾಕ್ದೆ ಅಂತ ಇನ್ನು ಮುಂದೆ ಯಾರಿಗೂ ಹೇಳಬ್ಯಾಡ್ರಿ. ನನಗೂ ಹೇಳಬಾರದಿತ್ತು. ಮಡಿಸಿ ಹಾಕಾಕೆ ಅಂತ ಅಲ್ವಾ ಚೀಟಿ ಕೊಟ್ಟಿದ್ದು? ಅದು ನಿಮ್ಮದು. ಅದನ್ನ ನಿಮ್ಮ ಕೈಗೆ ಕೊಡ್ಸಿದಾಕೆ ನಾನು. ಈಗ ಹಿಂಗ್ಯಾಕೆ ಹಾಕಿದ್ರಿ ಅಂತ ಕೇಳಾಕೆ ನನಗೆ ಬಾಯಿಲ್ಲ."

"ತಪ್ಪಾತಾ ಉಮಾ?"

"ಇಲ್ರಿ. ಸರಿಯಾಗೇ ಐತಿ. ಅದಕ್ಕೇ ಇಷ್ಟು ಉರೀತೈತಿ." ಅವರು ಗಂಡನ ಕಡೆ ತಿರುಗಿದರು. "ಮುಂದಿನ ವರ್ಷ ಮತ್ತೆ ನಿಲ್ತೀನಿ. ಐವತ್ತೆರಡು ಮಂದಿ ಮನಿಗೂ ಹೋಗಿ ಓಟು ಕೇಳ್ತೀನಿ. ನಿಮ್ಮ ಮನಿಗೂ ಬರ್ತೀನಿ. ಬಾಗಿಲ ಹೊರಗೆ ಚಪ್ಪಲಿ ಬಿಟ್ಟು, ಬೆಲ್ ಮಾಡಿ, ಒಳಗೆ ಬರ್ತೀನಿ. ಆವಾಗ ನೀವು ಎದ್ದು ಕಾಫಿ ಮಾಡಿ ಕೊಟ್ಟು, ನಾನು ಹೇಳೋದನ್ನ ಪೂರ್ತಿ ಕೇಳ್ಬೇಕು."

"ಟಿವಿ ಆಫ್ ಮಾಡ್ತೀನಿ" ಎಂದರು ಓಂಕಾರಪ್ಪ.